ಚಂದ್ರಿಕೆಯ ಮುಂದೆ ಕೂತವಳು: ಒಂಬತ್ತನೇ ಕಂತು

"ನಮ್ಮ ವಂಶಕ್ಕೆ ಹುಳ ಆಗಿಬರಲ್ಲಮ್ಮ," ಎಂದಳು ಸುನಂದ, ಟೊಮೆಟೊ ರಾಶಿಯಿಂದ ಕಣ್ಣೆತ್ತದೆಯೇ. "ನಮ್ಮ ಮಾವನ ಕಾಲದಿಂದ್ಲೂ ಅಷ್ಟೇ. ಹಿಪ್ಪುನೇರಳೆ ಸೊಪ್ಪು ಈ ಹೊಸಲು ದಾಟಿಲ್ಲ. ಮಾವು, ಟೊಮೆಟೊ, ರಾಗಿ. ಮುಗೀತು ನಮ್ಮ ಬದುಕು."

ಪದ್ಮಶ್ರೀ ಬಾಯಿಗೆತ್ತಿದ್ದ ನೀರಿನ ಲೋಟ ಅಲ್ಲೇ ನಿಂತಿತು.

"ನಿಮ್ಮ ಅತ್ತೆ ಚಿನ್ನಮ್ಮನವರು ಇದ್ದಾಗಲೂ ಸಾಕಿರಲಿಲ್ವಾ?"

"ಅಯ್ಯೋ, ಅವರಿಗೆ ರೇಷ್ಮೆಹುಳದ ವಾಸನೆ ಬಂದ್ರೇ ವಾಂತಿ. ಪಕ್ಕದ ಮನೆಯವರು ಸಾಕ್ತಾರೆ ಅಂತ ಅವರ ಜೊತೆ ಆರು ವರ್ಷ ಮಾತು ಬಿಟ್ಟಿದ್ರು."

ಪದ್ಮಶ್ರೀ ಲೋಟವನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು. ಹೋದ ವಾರವಷ್ಟೇ ಈ ಸುನಂದಳ ಭಾವ ವೆಂಕಟರಾಯಪ್ಪ ಅವಳು ಕೆಲಸ ಮಾಡುವ ಕೋಲಾರದ ಸಂಗ್ರಹಾಲಯದಲ್ಲಿ ನಿಂತು, ಎದೆ ಮುಟ್ಟಿಕೊಂಡು, ಗೋಡೆಯ ಮೇಲಿನ ಚಿತ್ರ ತೋರಿಸಿ ಹೇಳಿದ್ದ: "ಇದು ನಮ್ಮಮ್ಮ ಚಿನ್ನಮ್ಮ. ನಮ್ಮ ಮನೆ ಚಂದ್ರಿಕೆ ಮುಂದೆ ಕೂತಿರೋದು." ಚಂದ್ರಿಕೆ ಎಂದರೆ ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆ. ಹುಳುವಿನ ಹೆಸರೆತ್ತಿದರೆ ವಾಂತಿ ಮಾಡುವ ಹೆಂಗಸು ಅದರ ಮುಂದೆ ನಗುತ್ತಾ ಕೂತು ಚಿತ್ರ ಬರೆಸಿಕೊಂಡಳಂತೆ! ಸುಳ್ಳು ಹೇಳುವವನು ಮನೆಯವರ ಜೊತೆ ಒಂದು ಮಾತು ಆಡಿಕೊಂಡಾದರೂ ಬರಬಾರದೇ?

ಅಷ್ಟು ಸಿಕ್ಕಿದ್ದೇ ಸಾಕೆಂದು ಅವಳು ಎದ್ದು ನಿಂತಳು. ಸಾಕಾಗಲಿಲ್ಲ. ಬೈರಕೂರು ಎಂಬ ಆ ಊರು ಅವಳಿಗೆ ಇನ್ನೂ ಒಂದನ್ನು ಕೊಡುವುದಿತ್ತು.

ಒಳಗಿನಿಂದ ಯಾರೋ ಕೂಗಿದರು. "ಚಿನ್ನಮ್ಮಾ! ಓ ಚಿನ್ನಮ್ಮಾ!"

ಪದ್ಮಶ್ರೀ ತಟ್ಟನೆ ಬಾಗಿಲ ಕಡೆ ತಿರುಗಿದಳು. ಸತ್ತು ಹತ್ತು ವರ್ಷವಾದವಳನ್ನು ಕೂಗುವವರು ಯಾರು?

"ಆಁ, ವಸ್ತುನ್ನಾನೇ!" ಎಂದು ತೆಲುಗಿನಲ್ಲಿ ಓಗೊಟ್ಟು ಸುನಂದ ಸೆರಗಿಗೆ ಕೈ ಒರೆಸಿಕೊಂಡಳು.

"ನಿಮ್ಮ ಹೆಸರು ಸುನಂದ ಅಲ್ವಾ?"

"ಹೌದು. ಕೂಗಿದ್ದು ನಮ್ಮಕ್ಕನ ಮಗಳು ಗಂಗಾ. ಅವಳಿಗೆ ನಾನು ಚಿನ್ನಮ್ಮ. ಅಂದ್ರೆ ಚಿಕ್ಕಮ್ಮ ಕಣಮ್ಮ. ತೆಲುಗು ಬರಲ್ವಾ ನಿಂಗೆ?"

ಬರುತ್ತಿತ್ತು. ಮಾಸ್ತಿಯ ಹುಡುಗಿಗೆ ಮನೆಯಲ್ಲಿ ಕನ್ನಡ, ಬಸ್ಸಿನಲ್ಲಿ ತೆಲುಗು, ಸಂತೆಯಲ್ಲಿ ಎರಡೂ. ಆದರೆ ಅವಳು ಬೆಳೆದ ಬೀದಿಯಲ್ಲಿ ಚಿಕ್ಕಮ್ಮನನ್ನು ಪಿನ್ನಮ್ಮ ಎನ್ನುತ್ತಿದ್ದರು. ಅದೂ ಅಲ್ಲದೆ, ಆ ಪದ ಕಿವಿಗೆ ಬಿದ್ದಿದ್ದರೆ ಹೊಳೆಯುತ್ತಿತ್ತೋ ಏನೋ. ಅವಳಿಗೆ ಸಿಕ್ಕಿದ್ದು ಕಾಗದದ ಮೇಲೆ, ಅದೂ ಹೆಸರು ಬರೆಯುವ ಕಾಲಮ್ಮಿನಲ್ಲಿ.

ಮುಳಬಾಗಿಲಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅವಳು ಫೋನಿನಲ್ಲಿದ್ದ ಆ ಪುಟದ ಫೋಟೋ ತೆರೆದಳು. ಶತಶೃಂಗ ಕಲಾ ಸಂಗ್ರಹಾಲಯದ ಹಳೇ ದಾಖಲೆ ಪುಸ್ತಕ, ೧೯೮೯ನೇ ಇಸವಿ. "ಚಂದ್ರಿಕೆ ಮತ್ತು ಹೆಂಗಸು. ತಗಡಿನ ಮೇಲೆ ಬಣ್ಣ. ಬರೆದವರು ಮುನಿರಾಮಪ್ಪ. ದಾನ ಕೊಟ್ಟವರು: ಚಿನ್ನಮ್ಮ, ಮುಳಬಾಗಿಲು ತಾಲ್ಲೂಕು." ಊರಿನ ಹೆಸರಿಲ್ಲ. ಸಹಿ ಮಾಡುವ ಜಾಗ ಖಾಲಿ.

ಆ ಒಂದು ಸಾಲನ್ನು ನಂಬಿಕೊಂಡು ಅವಳು ಮುಳಬಾಗಿಲು ತಾಲ್ಲೂಕಿನ ಊರೂರು ಸುತ್ತಿ ಹನ್ನೊಂದು ಚಿನ್ನಮ್ಮಂದಿರ ಮನೆ ಮುಟ್ಟಿಬಂದಿದ್ದಳು. ಎಂ.ಎ. ಮುಗಿಸಿದ ಹುಡುಗಿಗೆ ಸಿಕ್ಕ ಆರು ತಿಂಗಳ ಇಂಟರ್ನ್‌ಶಿಪ್ ಇದೇ: ಗೋಡೆಯ ಮೇಲಿನ ಚಿತ್ರ ಯಾರ ಮನೆಯಿಂದ ಹೊರಟು ಯಾರ ಕೈ ದಾಟಿ ಬಂತು ಎಂದು ಪತ್ತೆ ಹಚ್ಚುವುದು. ಅವತ್ತು ಶನಿವಾರ. ಈ ಚಿತ್ರ ಉಳಿಸಿಕೊಳ್ಳಲು ಇನ್ನು ಇದ್ದದ್ದು ಒಂದೇ ದಿನ. ಸಹಿ ಇಲ್ಲದ ದಾನ ನಿಲ್ಲುವುದಿಲ್ಲ ಎಂದು ವೆಂಕಟರಾಯಪ್ಪ ವಕೀಲರಿಂದ ಬರೆಸಿದ್ದ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಚಿತ್ರ ಅವನ ಕೈಗೆ ಹೋಗುವುದಿತ್ತು. ಸಂಗ್ರಹಾಲಯದ ಕಾರ್ಯದರ್ಶಿ ಕಾಂತರಾಜ್‌ಗೆ ಬೇಕಿದ್ದದ್ದು ಅವಳ ವರದಿಯಲ್ಲಿ ಒಂದೇ ಒಂದು ಸಾಲು: ದಾನಿ ಬೈರಕೂರಿನ ಚಿನ್ನಮ್ಮ.

ಮುನಿರಾಮಪ್ಪ ಬದುಕಿದ್ದಾಗ ಟೂರಿಂಗ್ ಟಾಕೀಸಿನ ಬೋರ್ಡು ಬರೆದುಕೊಂಡಿದ್ದ ಬಡಪಾಯಿ. ಸತ್ತಮೇಲೆ ಬೆಂಗಳೂರಿನ ಗ್ಯಾಲರಿಯವರಿಗೆ ದೊಡ್ಡ ಕಲಾವಿದನಾದ. ಹಾಗಾಗಿ ಅವನು ತಗಡಿನ ಮೇಲೆ ಬರೆದದ್ದಕ್ಕೆಲ್ಲ ಈಗ ವಾರಸುದಾರರು ಹುಟ್ಟಿಕೊಳ್ಳುತ್ತಿದ್ದರು.

ಪದ್ಮಶ್ರೀ ಫೋಟೋ ದೊಡ್ಡದು ಮಾಡಿ ಆ ಹೆಸರನ್ನೇ ನೋಡಿದಳು.

ಚಿತ್ರ ಕೊಡಲು ಬಂದ ಹೆಂಗಸು ತನ್ನ ಹೆಸರು ಹೇಳುತ್ತಾಳೆ, ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುತ್ತಾಳೆ. ಬೇರೆ ಯಾರೋ ತಂದುಕೊಟ್ಟು "ನಮ್ಮ ಚಿನ್ನಮ್ಮ ಕೊಟ್ಟಳು" ಎಂದಿದ್ದರೆ, ತೆಲುಗು ಬಲ್ಲ ಗುಮಾಸ್ತ ತಕ್ಷಣ "ಅವರ ಹೆಸರೇನ್ರೀ?" ಎಂದು ಕೇಳುತ್ತಾನೆ. ಕೇಳದೆ, ಯೋಚಿಸದೆ, ಒಂದೇ ಬೀಸಿಗೆ ಚಿನ್ನಮ್ಮ ಎಂದು ಬರೆದುಬಿಡುವವನು ಒಬ್ಬನೇ. ಅವಳನ್ನು ಮಾತು ಬಂದ ದಿನದಿಂದ ಹಾಗೇ ಕರೆದವನು. ಅವಳಿಗೆ ಇನ್ನೊಂದು ಹೆಸರಿದೆ ಎಂಬುದೇ ಆ ಗಳಿಗೆಯಲ್ಲಿ ಮರೆತವನು.

ಅಂದರೆ ಅದು ಬರೆದವನ ಚಿಕ್ಕಮ್ಮ.

ಆ ಅಕ್ಷರ ಯಾರದೆಂದು ಪದ್ಮಶ್ರೀಗೆ ಗೊತ್ತಿತ್ತು. ಮ್ಮ ಬರೆಯುವಾಗ ಒತ್ತಕ್ಷರವನ್ನು ಕೆಳಗಿನ ಸಾಲಿನವರೆಗೆ ಎಳೆಯುವ ಅಕ್ಷರ. ಅದು ಸಂಗ್ರಹಾಲಯದ ಹಳೇ ಗುಮಾಸ್ತ ಕೋದಂಡರಾಮಪ್ಪನವರದು.

ಅವಳಿಗೆ ಅಳು ಬಂತು. ಪಕ್ಕದಲ್ಲಿ ಕೂತಿದ್ದ ಹೆಂಗಸು ನೋಡಿ, ಬಸ್ಸಿನ ವಾಂತಿ ಇರಬೇಕೆಂದು ನಿಂಬೆಹಣ್ಣು ಕೊಟ್ಟಳು. ಅವಳು ಅದನ್ನು ತೆಗೆದುಕೊಂಡಳು.

ಕೋಲಾರದಲ್ಲಿ ಅವಳಿಗೆ ಇದ್ದದ್ದು ಆ ಮನುಷ್ಯ ಒಬ್ಬರೇ. ಪಿ.ಜಿ.ಯ ಮೂರನೇ ಮಹಡಿಯಲ್ಲಿ ಅವಳ ಜೊತೆ ಇನ್ನಿಬ್ಬರು ಹುಡುಗಿಯರಿದ್ದರು. ನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಇವಳು ಎದ್ದಾಗ ಅವರು ಮುಸುಕು ಹಾಕಿ ಮಲಗಿರುತ್ತಿದ್ದರು, ಇವಳು ಬಂದಾಗ ಅವರ ಚಪ್ಪಲಿ ಇರುತ್ತಿರಲಿಲ್ಲ. ನಾಲ್ಕು ತಿಂಗಳು ಒಂದೇ ಕೋಣೆಯಲ್ಲಿದ್ದು ಒಂದು ಊಟ ಜೊತೆಗೆ ಮಾಡಿರಲಿಲ್ಲ. ಭಾನುವಾರ ಇಡೀ ದಿನ ಬಾಯಿ ತೆರೆಯದೆ ಇದ್ದು, ಸಂಜೆ ಅಂಗಡಿಯಲ್ಲಿ "ಒಂದು ಬ್ರೆಡ್ ಕೊಡಿ" ಎನ್ನುವಾಗ ತನ್ನ ದನಿ ತನಗೇ ಅಪರಿಚಿತ ಅನ್ನಿಸಿದ್ದೂ ಉಂಟು.

ಕೋದಂಡರಾಮಪ್ಪನವರು ಸಂಗ್ರಹಾಲಯದ ದಾಖಲೆ ಗುಮಾಸ್ತರಾಗಿ ನಿವೃತ್ತರಾಗಿ ಎಂಟು ವರ್ಷ. ಹೆಂಡತಿ ಇಲ್ಲ, ಮಕ್ಕಳಿಲ್ಲ. ಆದರೂ ದಿನಾ ಸಂಜೆ ನಾಲ್ಕಕ್ಕೆ ಹಾಜರು. ಒಂದು ಸ್ಟೀಲು ಡಬ್ಬಿಯಲ್ಲಿ ಉಪ್ಪಿಟ್ಟೋ ಚಿತ್ರಾನ್ನವೋ ತಂದು ಅರ್ಧ ಇವಳಿಗೆ ಕೊಡುತ್ತಿದ್ದರು. ಆಮೇಲೆ ಚಂದ್ರಿಕೆಯ ಚಿತ್ರದ ಮುಂದೆ ಸ್ಟೂಲು ಹಾಕಿಕೊಂಡು ಮುಚ್ಚುವವರೆಗೂ ಕೂರುತ್ತಿದ್ದರು. ಮುದುಕ ಪುಕ್ಕಟೆ ಫ್ಯಾನಿಗೆ ಬರುತ್ತಾನೆ ಎಂದು ಕಾಂತರಾಜ್ ನಗುತ್ತಿದ್ದರು. ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿದ್ದರೂ ಆಪರೇಷನ್ನಿಗೆ ಒಪ್ಪದ ಮನುಷ್ಯ. ಕಾಗದ ಏನಿದ್ದರೂ ಪದ್ಮಶ್ರೀಯೇ ಓದಿ ಹೇಳಬೇಕಿತ್ತು.

ಹನ್ನೊಂದು ಚಿನ್ನಮ್ಮಂದಿರ ಕಥೆಯನ್ನೂ ಅವಳು ಒಂದೊಂದಾಗಿ ಅವರಿಗೇ ಹೇಳಿದ್ದಳು. ಪ್ರತಿ ಸಲವೂ ಅವರು "ಹೌದಾ ತಲ್ಲಿ? ಅವಳೂ ಅಲ್ವಾ?" ಎಂದು ಕೇಳಿದ್ದರು. ಅವಳನ್ನು ತಲ್ಲಿ, ಅಂದರೆ ತಾಯಿ, ಎಂದೇ ಕರೆಯುತ್ತಿದ್ದರು. ಬಿಸಿಲಲ್ಲಿ ಹೋಗಬೇಡ ಎಂದು ಛತ್ರಿ ಕೂಡ ಕೊಟ್ಟಿದ್ದರು.

ಅವಳು ಸಂಗ್ರಹಾಲಯ ಮುಟ್ಟಿದಾಗ ಐದು ದಾಟಿತ್ತು. ಕಾಂತರಾಜರ ಕಾರು ಹೊರಗೆ ಇರಲಿಲ್ಲ. ಒಳಗೆ ಎರಡನೇ ಹಜಾರದಲ್ಲಿ ಫ್ಯಾನ್ ತಿರುಗುವ ಸದ್ದು ಮಾತ್ರ.

ಕೋದಂಡರಾಮಪ್ಪನವರು ಸ್ಟೂಲಿನ ಮೇಲೆ ಕೂತಿದ್ದರು. ಮುಂದೆ ಗೋಡೆಯ ಮೇಲೆ ಹಸಿರು ಸೀರೆಯ ಎಳೇ ಹೆಂಗಸು, ಹಿಂದೆ ಗೂಡು ತುಂಬಿದ ಚಂದ್ರಿಕೆ. ಎರಡು ತಿಂಗಳ ಹಿಂದೆ ಕಾಂತರಾಜ್ ಅದನ್ನು ತಮ್ಮ ಕಾರಿನಲ್ಲೇ ಬೆಂಗಳೂರಿಗೆ ಒಯ್ದು, ತೊಳೆಸಿ, ತಾವೇ ತಂದು ತೂಗುಹಾಕಿದ್ದರು. ಹೊಗೆಯ ಮಸಿ, ಮೂಲೆಯ ಕಲೆ ಎಲ್ಲ ಹೋಗಿ ಈಗ ಹೊಸದರ ಹಾಗೆ ಕಾಣುತ್ತಿತ್ತು.

"ಬಂದ್ಯಾ ತಲ್ಲಿ? ಡಬ್ಬೀಲಿ ನಿಂಗೆ ಇಟ್ಟಿದ್ದೀನಿ. ಅವರೆಕಾಳು ಉಪ್ಪಿಟ್ಟು."

ದಾರಿಯುದ್ದಕ್ಕೂ ಅವಳು ಹತ್ತು ಪ್ರಶ್ನೆ ಜೋಡಿಸಿಕೊಂಡಿದ್ದಳು. ಆ ಡಬ್ಬಿ ನೋಡಿದ ಮೇಲೆ ಒಂದೂ ನೆನಪಿಗೆ ಬರಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು, ಊರಿನ ಸುದ್ದಿ ಕೇಳುವ ಹಾಗೆ ಕೇಳಿದಳು.

"ಸಾರ್, ನಿಮ್ಮ ಚಿನ್ನಮ್ಮ ಹೇಗಿದ್ದಾರೆ?"

"ಮಂಡಿ ಹಿಡ್ಕೊಂಡಿದೆ ಪಾಪ, ಹೊರಗೇ ಬರಲ್ಲ. ಮೊನ್ನೆ ನಮ್ಮೂರು ಆವನಿಗೆ ಹೋಗಿದ್ದಾಗ..."

ಮಾತು ಅಲ್ಲಿಗೆ ಕಡಿಯಿತು. ಕೋದಂಡರಾಮಪ್ಪನವರು ಪೊರೆ ಕವಿದ ಕಣ್ಣನ್ನು ನಿಧಾನವಾಗಿ ಅವಳ ಕಡೆ ತಿರುಗಿಸಿದರು.

"ಯಾರು ಹೇಳಿದ್ರು ನಿಂಗೆ?"

"ನೀವೇ ಸಾರ್. ಪುಸ್ತಕದಲ್ಲಿ ಬರೆದಿದ್ದೀರಲ್ಲ."

ಅವರು ನಕ್ಕರು. ನಗು ಪೂರ್ತಿ ಆಗಲಿಲ್ಲ. "ಮೂವತ್ತಾರು ವರ್ಷ. ನಂಗೇ ಗೊತ್ತಾಗಿರ್ಲಿಲ್ಲ ಕಣಮ್ಮ, ಹಂಗೆ ಬರ್ದಿದೀನಿ ಅಂತ. ನೀನು ಬಂದು ಚಿನ್ನಮ್ಮ ಅನ್ನೋರನ್ನ ಹುಡುಕ್ತಿದೀನಿ ಅಂದ ದಿನ ನನ್ನ ಎದೆ ಧಸಕ್ ಅಂತು. ಅವಳ ಹೆಸರು ದೊಡ್ಡಗಂಗಮ್ಮ. ಊರಿಗೆಲ್ಲ ದೊಡ್ಡಗಂಗಮ್ಮ, ನಂಗೊಬ್ಬನಿಗೆ ಚಿನ್ನಮ್ಮ."

"ಹನ್ನೊಂದು ಮನೆ ಹತ್ತಿಳಿದೆ ಸಾರ್ ನಾನು." ಅವಳು ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದಳು. "ನಾಯಿ ಅಟ್ಟಿಸ್ಕೊಂಡು ಬಂತು ಒಂದ್ಕಡೆ. ಎಲ್ಲಾನೂ ಬಂದು ನಿಮಗೇ ಹೇಳಿದೆ. ಈ ಊರಲ್ಲಿ ನಂಗೆ ಇನ್ಯಾರಿದ್ರು ಹೇಳೋಕೆ?"

ಕೋದಂಡರಾಮಪ್ಪನವರು ತಲೆ ತಗ್ಗಿಸಿದರು.

"ಅವಳ್ಯಾರು ಗೊತ್ತಾ?" ಎಂದು ಚಿತ್ರದ ಕಡೆ ಗಲ್ಲ ಎತ್ತಿದರು. "ನಮ್ಮಮ್ಮ. ಮುನಿಯಲ್ಲಮ್ಮ. ಚಿನ್ನಮ್ಮನ ಸ್ವಂತ ಅಕ್ಕ. ನಂಗೆ ಹನ್ನೊಂದು ತಿಂಗಳಾಗಿದ್ದಾಗ ಹೋಗ್ಬಿಟ್ಲು. ಒಂದು ಫೋಟೋ ಇಲ್ಲ. ಟಾಕೀಸಿನ ಡೇರೆ ಆವನಿ ಹತ್ರ ಇದ್ದಾಗ ಮುನಿರಾಮಪ್ಪ ನಮ್ಮ ಜಗಲಿ ಮೇಲೆ ಮಲಗ್ತಿದ್ನಂತೆ. ಊಟ ಹಾಕಿದ್ದಕ್ಕೆ ಮಿಕ್ಕಿದ ತಗಡಿನ ಮೇಲೆ ಬರ್ಕೊಟ್ಟು ಹೋದ. ನಾನು ತಾಯಿ ಮುಖ ಅಂತ ನೋಡಿರೋದು ಇದೊಂದೇ."

"ಮತ್ತೆ ಇಲ್ಲಿಗೆ ಹೇಗೆ ಬಂತು?"

"ನಾನೇ ತಂದೆ. ಚಿನ್ನಮ್ಮನ ಗೋಡೆ ಮೇಲೆ ತುಕ್ಕು ಹಿಡೀತಿತ್ತು. ಸರಿಮಾಡಿಸಿ ಕೊಡ್ತೀನಿ ಅಂತ ತಂದೆ. ಇಲ್ಲಿ ಸುಮ್ನೆ ಇಟ್ಕೊಳ್ಳಲ್ಲ ಅಂದ್ರು, ದಾನ ಅಂದ್ರೆ ಮಾತ್ರ ಅಂದ್ರು. ಬರ್ದೆ. ಆಮೇಲೆ ವಾಪಸ್ ಒಯ್ಯೋಕೆ ಮನಸ್ಸು ಬರ್ಲಿಲ್ಲ ತಲ್ಲಿ. ಬೆಳಿಗ್ಗೆ ಬಂದ್ರೆ ಅಮ್ಮ, ಸಾಯಂಕಾಲ ಬೀಗ ಹಾಕೋವಾಗ ಅಮ್ಮ. ಯಾರಿಗಿದೆ ಅಂಥ ನೌಕರಿ?"

"ಚಿನ್ನಮ್ಮನಿಗೆ ಏನು ಹೇಳಿದ್ರಿ?"

"ತುಕ್ಕು ತಿಂದ್ಬಿಡ್ತು, ಬಿಸಾಕಿದ್ರು ಅಂದೆ." ಅವರು ಚಿತ್ರದಿಂದ ಕಣ್ಣು ತೆಗೆದರು. "ಎರಡು ದಿನ ಊಟ ಬಿಟ್ಲು. ಅಕ್ಕ ಇನ್ನೊಂದ್ಸಲ ಸತ್ತಂಗಾಯ್ತು ಕಣೋ ಅಂದ್ಲು. ಸಾಕಿದೋಳಿಗೆ ನಾನು ಮಾಡಿದ್ದು ಇದು."

ಪದ್ಮಶ್ರೀಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ತಾನು ಊರಲ್ಲಿ ಬಿಟ್ಟುಬಂದ ತನ್ನ ಪಿನ್ನಮ್ಮ ನೆನಪಾದಳು, ಅಷ್ಟೇ.

"ವರದೀಲಿ ದಾನಿ ಸಿಗಲಿಲ್ಲ ಅಂತ ಬರ್ದುಬಿಡು," ಎಂದರು ಕೋದಂಡರಾಮಪ್ಪನವರು, ಮೆಲ್ಲಗೆ. "ಇಲ್ಲೇ ಇರ್ಲಿ ಇದು. ನಾನಿನ್ನು ಎಷ್ಟು ವರ್ಷ ಬರ್ತೀನಿ?"

ಬರೆಯಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಂಜೆಯ ಅರ್ಧ ಡಬ್ಬಿ ಉಪ್ಪಿಟ್ಟೂ ಉಳಿಯುತ್ತಿತ್ತು. ಪದ್ಮಶ್ರೀ ಡಬ್ಬಿಯ ಮುಚ್ಚಳವನ್ನೇ ನೋಡುತ್ತಾ ಕೂತಳು.

"ಬರೆಯಲ್ಲ ಸಾರ್. ಸೋಮವಾರ ಹತ್ತು ಗಂಟೆಗೆ ಆಟೋ ಮಾಡಿಸಿ ಅವರನ್ನ ಕರ್ಕೊಂಡು ಬನ್ನಿ. ಇದು ಅವರ ಮನೇದು. ನಿಮ್ಮ ಬಾಯಿಂದಲೇ ಎಲ್ಲರ ಮುಂದೆ ಹೇಳಿ. ಇಲ್ಲದಿದ್ರೆ ವೆಂಕಟರಾಯಪ್ಪ ಹೊತ್ಕೊಂಡು ಹೋಗ್ತಾನೆ. ಆಮೇಲೆ ನಿಮಗೂ ಇಲ್ಲ, ಅವರಿಗೂ ಇಲ್ಲ."

"ಬೈತಾಳೆ."

"ಬೈಲಿ."

ಮುದುಕರು ಅಂಗೈಯಿಂದ ಮುಖ ಒರೆಸಿಕೊಂಡರು. ಆಮೇಲೆ, ಹೊತ್ತಿದ್ದ ಮೂಟೆ ಇಳಿಸಿದವರ ಹಾಗೆ ಉಸಿರುಬಿಟ್ಟರು. "ಹೌದು. ಬೈಲಿ. ಕಣ್ಣು ಮುಚ್ಚೋ ಮುಂಚೆ ಅಕ್ಕನ್ನ ಒಂದ್ಸಲ ನೋಡ್ಲಿ. ಕರ್ಕೊಂಡು ಬರ್ತೀನಿ."

"ಅವರ ಮಾತು ನಂಬೋ ಹಾಗೆ ಏನಾದ್ರೂ ಸಾಕ್ಷಿ ಇದೆಯಾ ಸಾರ್? ಕಾಗದ, ಪತ್ರ?"

"ಕಾಗದ ಯಾಕೆ? ಸಾಕ್ಷಿ ಇಲ್ಲೇ ಇದೆ, ಚಿತ್ರದಲ್ಲೇ." ಮೊದಲ ಸಲ ಅವರ ಮುಖದಲ್ಲಿ ಮಗುವಿನ ಕಳೆ ಬಂತು. "ಬರೆಯೋವಾಗ ನಾನು ಅಮ್ಮನ ತೊಡೆ ಮೇಲೆ ಕೂರ್ತಿರ್ಲಿಲ್ವಂತೆ, ಒಂದೇ ಸಮ ಹರೀತಿದ್ನಂತೆ. ಮುನಿರಾಮಪ್ಪ, ಇವನನ್ನ ಹೆಂಗೆ ಬರೀಲಿ ಅಂದ್ನಂತೆ. ಅದಕ್ಕೆ ಅಮ್ಮ, ಇನ್ನೂ ಗೂಡು ಕಟ್ಟದ ಹುಳ ಅಂತ ಬರ್ದುಬಿಡು ಅಂದ್ಲಂತೆ. ಎಡಗಡೆ ಕೆಳಗೆ, ಸೀರೆ ಅಂಚಿನ ಪಕ್ಕ, ಒಂದೇ ಒಂದು ಹುಳ ನೆಲದ ಮೇಲೆ ಹರೀತಿದೆ. ಹಳದಿಗೆ ಬಂದಿರೋದು. ನೋಡಿದೋರು ಕಲೆ ಅಂದ್ಕೋತಾರೆ. ಅದು ನಾನು. ಚಿನ್ನಮ್ಮನಿಗೂ ನಂಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ವೆಂಕಟರಾಯಪ್ಪ ಹೇಳ್ಲಿ ನೋಡೋಣ, ಆ ಹುಳ ಎಲ್ಲಿದೆ ಅಂತ!"

ಪದ್ಮಶ್ರೀ ಫೋನ್ ಕೈಗೆತ್ತಿಕೊಂಡಳು.

ಕೆಲಸಕ್ಕೆ ಸೇರಿದ ಮೊದಲ ವಾರ ಅವಳೇ ತನ್ನ ಕೈಯಾರೆ ಬರೆದಿದ್ದಳು: "ಎಡ ಕೆಳಮೂಲೆಯಲ್ಲಿ ಬೆರಳುದ್ದದ ಹಳದಿ ಕಲೆ." ಫೋನಿನಲ್ಲಿ ಅವತ್ತಿನ ಫೋಟೋ ಇತ್ತು. ತೆರೆದಳು, ದೊಡ್ಡದು ಮಾಡಿದಳು. ಅದು ಕಲೆಯಲ್ಲ. ಸಣ್ಣ ತಲೆ ಎತ್ತಿ, ಹಸಿರು ಅಂಚಿನ ಕಡೆ ಹೊರಟಿದ್ದ ಹುಳು.

ಎದ್ದು ಚಿತ್ರದ ಹತ್ತಿರ ಹೋಗಿ ಬಗ್ಗಿದಳು. ಸೀರೆಯ ಅಂಚು ಇತ್ತು. ನೆಲ ಇತ್ತು. ಹುಳು ಇರಲಿಲ್ಲ.

ತೊಳೆದವರು ಕಲೆಯೆಂದು ಒರೆಸಿಬಿಟ್ಟರೇ? ಹಾಗಾಗಿದ್ದರೆ ಸಾಕೆಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಪಕ್ಕದಲ್ಲಿ "ಮುಟ್ಟಬಾರದು" ಎಂಬ ಫಲಕವಿತ್ತು, ಕೋದಂಡರಾಮಪ್ಪನವರದೇ ಅಕ್ಷರ. ಮೂವತ್ತಾರು ವರ್ಷ ಅವರೂ ಅದನ್ನು ಮೀರಿರಲಿಲ್ಲ. ಪದ್ಮಶ್ರೀ ಬೆರಳ ಗೆಣ್ಣಿನಿಂದ ಚಿತ್ರವನ್ನು ಮೆಲ್ಲಗೆ ತಟ್ಟಿದಳು.

ತಗಡಿನ ಸದ್ದು ಬರಲಿಲ್ಲ. ಮಂಕಾದ, ಗಟ್ಟಿಯಾದ ಮರದ ಸದ್ದು ಬಂತು.

ನಕಲು ಬರೆದವನು ಹುಳುವನ್ನು ಕಲೆಯೆಂದುಕೊಂಡು ಬಿಟ್ಟಿದ್ದ. ಕಾಂತರಾಜ್ ಬೆಂಗಳೂರಿನಿಂದ ವಾಪಸು ತಂದದ್ದು ಬೇರೆಯೇ ಹಲಗೆ. ಸೋಮವಾರ ವೆಂಕಟರಾಯಪ್ಪ ಕಾಗದಕ್ಕೆ ಸಹಿ ಹಾಕಿ ಹೊತ್ತುಕೊಂಡು ಹೋಗುವುದು ಈ ಹಲಗೆಯನ್ನೇ. ಅದು ಈ ಬಾಗಿಲು ದಾಟಿದ ಮೇಲೆ ಅಸಲಿ ಎಲ್ಲಿ ಎಂದು ಕೇಳುವವರು ಯಾರೂ ಇರುವುದಿಲ್ಲ.

ಎರಡು ತಿಂಗಳಿಂದ, ದಿನಾ ಸಂಜೆ, ಈ ಮುದುಕರು ಯಾರ ಮುಂದೆ ಕೂತಿದ್ದರು?

"ಏನದು ಸದ್ದು?"

"ಧೂಳು ಸಾರ್. ಕೊಡವಿದೆ."

"ನನ್ನ ಕಣ್ಣಿಗೆ ಈಗ ಮುಖ ಒಂದೇ ಮಸುಕಾಗಿ ಕಾಣ್ಸುತ್ತೆ. ಕೆಳಗಿಂದು ಕಾಣಲ್ಲ." ಕೋದಂಡರಾಮಪ್ಪನವರು ಸ್ಟೂಲಿನಿಂದ ಮುಂದಕ್ಕೆ ಬಾಗಿದರು. "ನೀನು ನೋಡಿ ಹೇಳು ತಲ್ಲಿ. ಇದೆಯಾ ನನ್ನ ಹುಳ?"

ಪದ್ಮಶ್ರೀ ಖಾಲಿ ಮೂಲೆಯನ್ನು ನೋಡಿದಳು. ಆಮೇಲೆ ಅವರ ಮುಖ ನೋಡಿದಳು. ಆ ಮುಖಕ್ಕೆ ಇವತ್ತು ಇನ್ನೊಂದು ಏಟು ಕೊಡುವುದು ಅವಳ ಕೈಲಾಗಲಿಲ್ಲ.

"ಇದೆ ಸಾರ್. ಹಾಗೇ ಇದೆ."

ಅವರು ಕಣ್ಣು ಮುಚ್ಚಿ ನಕ್ಕರು.

ಹಿಂದೆ, ಹಜಾರದ ಬಾಗಿಲಲ್ಲಿ, ಕೀಗೊಂಚಲಿನ ಸದ್ದಾಯಿತು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕಾಂತರಾಜ್ ನೆಲದ ಮೇಲಿದ್ದ ಉಪ್ಪಿಟ್ಟಿನ ಡಬ್ಬಿಯನ್ನು ದಾಟಿಕೊಂಡು ಒಳಗೆ ಬಂದರು.

"ಇದೆಯಾ?" ಎಂದರು ಅವರು, ಬಹಳ ಮೆತ್ತಗೆ. "ಎಲ್ಲಿದೆಯಮ್ಮಾ? ನಂಗೂ ಸ್ವಲ್ಪ ತೋರ್ಸು."